ಒಂದು ಬಕೆಟ್ಟಿನ ಹಾಲು ಕರೆಯುವ ಮಷೀನ್: ಹಸುವಿನ ಮೈಗೆ ಇದು ಒಗ್ಗುತ್ತದಾ?

ಹಾಲು ಕರೆಯುವ ಮಷೀನ್ ಬಗ್ಗೆ ಮಾತಾಡುವವರೆಲ್ಲ ಮೋಟಾರು ಎಷ್ಟು ಎಚ್‌ಪಿ, ಗಂಟೆಗೆ ಎಷ್ಟು ಹಸು, ಬೆಲೆ ಎಷ್ಟು ಅಂತಲೇ ಕೇಳುತ್ತಾರೆ. ಅದೂ ಬೇಕು, ನಾನೂ ಹೇಳುತ್ತೇನೆ. ಆದರೆ ಈ ಮಷೀನಿನ ಒಂದು ತುದಿ ಕರೆಂಟಿಗೆ ಸೇರಿದ್ದರೆ ಇನ್ನೊಂದು ತುದಿ ಜೀವ ಇರುವ ಹಸುವಿನ ಕೆಚ್ಚಲಿಗೆ ಸೇರಿರುತ್ತದೆ. ಆ ಎರಡನೇ ತುದಿಯಲ್ಲಿ ಏನು ನಡೆಯುತ್ತದೆ ಅಂತ ಮಾರುವವರು ಹೇಳುವುದಿಲ್ಲ. ಮಷೀನ್ ತಂದು ಆರು ತಿಂಗಳಿಗೆ ಮೂಲೆಗೆ ಹಾಕಿದ ಮನೆಗಳು ನಮ್ಮ ಸುತ್ತ ಇವೆ. ಹೆಚ್ಚಿನ ಕಡೆ ಮಷೀನ್ ಕೆಟ್ಟಿರಲಿಲ್ಲ. ಹಸುವಿನ ಮೈ ಹೇಗೆ ಕೆಲಸ ಮಾಡುತ್ತದೆ ಅಂತ ಯಾರೂ ಅವರಿಗೆ ತಿಳಿಸಿರಲಿಲ್ಲ, ಅಷ್ಟೇ.

ನಮ್ಮದು ಚನ್ನರಾಯಪಟ್ಟಣದ ಹತ್ತಿರದ ಹಳ್ಳಿ. ನಾಲ್ಕು ಎಚ್‌ಎಫ್ (ಹೋಲ್‌ಸ್ಟೈನ್ ಫ್ರೀಸಿಯನ್) ಮಿಶ್ರತಳಿ ಹಸು, ಒಂದು ನಾಟಿ ಹಳ್ಳಿಕಾರ್ ಹಸು. ಎರಡು ಹೊತ್ತೂ ಊರಿನ ಡೈರಿಗೆ ಹಾಲು ಹಾಕುತ್ತೇವೆ. ಮದುವೆಗೆ ಮುಂಚೆ ನಾನು ಬಿಎಸ್ಸಿಯಲ್ಲಿ ಪ್ರಾಣಿಶಾಸ್ತ್ರ ಓದಿದ್ದೆ. ಅಲ್ಲಿ ಚಿತ್ರ ಬರೆದು ಅಂಕ ತೆಗೆದುಕೊಂಡದ್ದನ್ನೆಲ್ಲ ಈಗ ದಿನವೂ ಕೊಟ್ಟಿಗೆಯಲ್ಲಿ ಕಣ್ಣಾರೆ ನೋಡುತ್ತೇನೆ. ಮಷೀನ್ ತಂದದ್ದು ನಮ್ಮ ಅತ್ತೆಗಾಗಿ. ಅವರ ಹೆಬ್ಬೆರಳಿನ ಬುಡ ಮತ್ತು ಮಣಿಕಟ್ಟು ಅಷ್ಟು ನೋಯುತ್ತಿತ್ತು. ಲೋಟ ಎತ್ತುವುದೂ ಕಷ್ಟವಾಗಿತ್ತು.

ಮಷೀನಿನ ವಿವರ ಬೇಗ ಹೇಳಿಬಿಡುತ್ತೇನೆ. ಒಂದು ಎಚ್‌ಪಿ ಸಿಂಗಲ್ ಫೇಸ್ ಮೋಟಾರು, ಗಾಳಿ ಎಳೆಯುವ ವ್ಯಾಕ್ಯೂಮ್ ಪಂಪು, 25 ಲೀಟರಿನ ಸ್ಟೀಲ್ ಬಕೆಟ್ಟು, ತೊಟ್ಟುಗಳಿಗೆ ಹಾಕುವ ನಾಲ್ಕು ಕಪ್‌ಗಳ ಒಂದು ಸೆಟ್ಟು, ಬಕೆಟ್ಟಿನ ಮುಚ್ಚಳದ ಮೇಲೆ ಪಲ್ಸೇಟರ್, ಅಂದರೆ ಬಿಟ್ಟು ಬಿಟ್ಟು ಎಳೆಯುವ ಹಾಗೆ ಮಾಡುವ ಭಾಗ. ಎಲ್ಲವೂ ಚಕ್ರದ ಗಾಡಿಯ ಮೇಲೆ. ಸಾಗಣೆ ಸೇರಿ ನಮಗೆ 46 ಸಾವಿರ ರೂಪಾಯಿ ಬಿತ್ತು. ಒಂದು ಹಸುವಿಗೆ ಐದರಿಂದ ಏಳು ನಿಮಿಷ ಹಿಡಿಯುತ್ತದೆ. ಸ್ಟೀಲ್ ಗಟ್ಟಿಯಾಗಿದೆ, ಬೆಸುಗೆ ನುಣುಪಾಗಿದೆ, ತೊಳೆಯುವಾಗ ಮೂಲೆಯಲ್ಲಿ ಹಾಲು ಕೂರುವುದಿಲ್ಲ. ಪೈಪುಗಳು ಪಾರದರ್ಶಕವಾಗಿವೆ. ಇದು ಬಹಳ ಒಳ್ಳೆಯದು, ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಈಗ ಮುಖ್ಯ ವಿಷಯ. ಮಷೀನ್ ಹಾಲನ್ನು ಎಳೆಯುತ್ತದೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ನಿಜ ಏನೆಂದರೆ, ಹಸು ಬಿಟ್ಟರೆ ಮಾತ್ರ ಹಾಲು ಬರುತ್ತದೆ. ಕೆಚ್ಚಲಿನ ಕೆಳಭಾಗದಲ್ಲಿ, ತೊಟ್ಟಿನ ಮೇಲೆ ಇರುವ ಸಣ್ಣ ಕುಳಿಯಲ್ಲಿ ಸಿದ್ಧವಾಗಿ ನಿಂತಿರುವ ಹಾಲು ಸುಮಾರು ಐದರಲ್ಲಿ ಒಂದು ಪಾಲು. ಉಳಿದ ನಾಲ್ಕು ಪಾಲು ಮೇಲಿನ ಕಣ್ಣಿಗೆ ಕಾಣದಷ್ಟು ಸಣ್ಣ ಗುಳ್ಳೆಗಳಲ್ಲಿ ಮತ್ತು ಕಿರಿದಾದ ನಾಳಗಳಲ್ಲಿ ನಿಂತಿರುತ್ತದೆ. ಅದನ್ನು ಯಾವ ಪಂಪೂ ಎಳೆಯಲಾರದು. ಪ್ರತಿ ಗುಳ್ಳೆಯ ಸುತ್ತ ಬಲೆ ಹೆಣೆದ ಹಾಗೆ ಕಿರು ಸ್ನಾಯು ಕೋಶಗಳಿವೆ. ಅವು ಕುಗ್ಗಿ ಗುಳ್ಳೆಯನ್ನು ಹಿಂಡಿದಾಗಲೇ ಹಾಲು ಕೆಳಗೆ ಇಳಿಯುವುದು. ನಾವು ಸೊರೆ ಬಿಟ್ಟಿತು ಅನ್ನುವುದು ಇದಕ್ಕೇ.

ಆ ಸ್ನಾಯುಗಳಿಗೆ ಕುಗ್ಗು ಅಂತ ಹೇಳುವುದು ಆಕ್ಸಿಟೋಸಿನ್ ಅನ್ನುವ ಹಾರ್ಮೋನು. ಕರು ಗುದ್ದಿದಾಗ, ಕೈ ತಾಗಿದಾಗ, ಬಿಸಿನೀರಲ್ಲಿ ಒರೆಸಿದಾಗ ತೊಟ್ಟಿನ ನರಗಳು ಮಿದುಳಿಗೆ ಸುದ್ದಿ ಮುಟ್ಟಿಸುತ್ತವೆ. ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯ ಹಿಂಭಾಗದಿಂದ ಆಕ್ಸಿಟೋಸಿನ್ ರಕ್ತಕ್ಕೆ ಸೇರುತ್ತದೆ. ಅಲ್ಲಿಂದ ಹೃದಯ, ಶ್ವಾಸಕೋಶ, ಮತ್ತೆ ಹೃದಯ, ದೊಡ್ಡ ರಕ್ತನಾಳ, ಕೊನೆಗೆ ಕೆಚ್ಚಲು. ಹೋಗುವಾಗ ನರದ ದಾರಿ, ಬರುವಾಗ ರಕ್ತದ ದಾರಿ. ಇದೆಲ್ಲ ಸೇರಿ ಒಂದರಿಂದ ಒಂದೂವರೆ ನಿಮಿಷ ಬೇಕು.

ಇದನ್ನು ತೋರಿಸಿಕೊಟ್ಟ ಒಂದು ಪ್ರಯೋಗ ನನಗೆ ತುಂಬಾ ಇಷ್ಟ. 1941ರಲ್ಲಿ ಅಮೆರಿಕದ ಈಲಿ ಮತ್ತು ಪೀಟರ್ಸನ್ ಎಂಬ ಇಬ್ಬರು ಹಸುವಿನ ಕೆಚ್ಚಲಿನ ಒಂದು ಬದಿಯ ನರಗಳನ್ನು ಕತ್ತರಿಸಿ ನೋಡಿದರು. ಆದರೂ ಎರಡೂ ಬದಿ ಸೊರೆ ಬಿಟ್ಟವು. ಅಂದರೆ ಕೆಚ್ಚಲಿಗೆ ಅಪ್ಪಣೆ ನರದಿಂದ ಬರುವುದಿಲ್ಲ, ರಕ್ತದಲ್ಲಿ ಹರಿದು ಬರುತ್ತದೆ ಅಂತಾಯಿತು. ಅದೇ ಪ್ರಯೋಗದಲ್ಲಿ ಅವರು ಹಸುವಿನ ಬೆನ್ನ ಮೇಲೆ ಬೆಕ್ಕು ಕೂರಿಸಿ, ಕಾಗದದ ಚೀಲ ಒಡೆದು ಸದ್ದು ಮಾಡಿ ಹೆದರಿಸಿದರು. ಹೆದರಿದ ಹಸು ಸರಿಯಾಗಿ ಹಾಲು ಬಿಡಲಿಲ್ಲ. ಇದನ್ನು ಹೇಳಿದಾಗ ಅತ್ತೆಗೆ ಆಶ್ಚರ್ಯವೇನೂ ಆಗಲಿಲ್ಲ. "ಹಸು ಮುಂದೆ ಜಗಳ ಆಡಬೇಡಿ ಅಂತ ನಮ್ಮಮ್ಮನೂ ಹೇಳ್ತಿದ್ರು ಕಣಮ್ಮ" ಅಂದರು.

ಈ ಒಂದು ನಿಮಿಷವನ್ನು ಮಷೀನಿನ ಜೊತೆ ಬಂದ ಪುಸ್ತಕದಲ್ಲಿ ದಪ್ಪ ಅಕ್ಷರದಲ್ಲಿ ಹಾಕಬೇಕಿತ್ತು. ಎಲ್ಲೂ ಇಲ್ಲ. ಅಳವಡಿಸಲು ಬಂದ ಹುಡುಗ ಕೆಚ್ಚಲಿಗೆ ಒಂದು ಚೊಂಬು ನೀರು ಎರಚಿ ತಕ್ಷಣ ಕಪ್ ಹಾಕಿ ತೋರಿಸಿದ. ಪಾರದರ್ಶಕ ಪೈಪು ಇದ್ದದ್ದರಿಂದ ಆಗಿದ್ದೆಲ್ಲ ಕಾಣಿಸಿತು. ಮೊದಲು ಜೋರಾಗಿ ಹಾಲು ಬಂತು. ಅದು ಕೆಳಗಿನ ಕುಳಿಯ ಹಾಲು. ಆಮೇಲೆ ಪೈಪು ಖಾಲಿ. ಪಂಪು ಸುಮ್ನೆ ಒಣ ತೊಟ್ಟನ್ನು ಎಳೆಯುತ್ತಿತ್ತು. ಸ್ವಲ್ಪ ಹೊತ್ತಾದ ಮೇಲೆ ಮತ್ತೆ ಹಾಲು ಬಂತು. ನಡುವೆ ಖಾಲಿ ಎಳೆದ ಆ ಹೊತ್ತು ತೊಟ್ಟಿಗೆ ಹಿಂಸೆ. ಹಸು ಕಾಲು ಎತ್ತಿ ಎತ್ತಿ ಇಡುತ್ತಿತ್ತು.

ನಾವು ಮಾಡುವ ರೀತಿ ಹೀಗಿದೆ. ಉಗುರುಬೆಚ್ಚಗಿನ ನೀರಲ್ಲಿ ತೊಟ್ಟು ತೊಳೆಯುತ್ತೇವೆ. ಪ್ರತಿ ತೊಟ್ಟಿನಿಂದ ಮೂರು ನಾಲ್ಕು ಧಾರೆ ಕೈಯಲ್ಲಿ ಕರೆದು, ಕಪ್ಪು ತಟ್ಟೆಗೆ ಬಿಟ್ಟು ಗಡ್ಡೆ ಇದೆಯಾ ಅಂತ ನೋಡುತ್ತೇವೆ. ಒಣ ಬಟ್ಟೆಯಲ್ಲಿ ಒರೆಸುತ್ತೇವೆ. ಇಷ್ಟರಲ್ಲಿ ಒಂದು ನಿಮಿಷ ತಾನಾಗೇ ಕಳೆದಿರುತ್ತದೆ. ತೊಟ್ಟು ತುಂಬಿ ಬಿಗಿಯಾಗುತ್ತದೆ. ಆಗ ಕಪ್ ಹಾಕಿದರೆ ಪೈಪಿನಲ್ಲಿ ಹಾಲು ಒಂದೇ ಸಮನೆ ಓಡುತ್ತದೆ. ಹಾಗಂತ ತಡ ಮಾಡುವ ಹಾಗೂ ಇಲ್ಲ. ಆಕ್ಸಿಟೋಸಿನ್ ರಕ್ತದಲ್ಲಿ ಬೇಗ ಕರಗಿಹೋಗುತ್ತದೆ. ಸೊರೆ ಬಿಟ್ಟ ಮೇಲೆ ಐದರಿಂದ ಏಳು ನಿಮಿಷದೊಳಗೆ ಕೆಲಸ ಮುಗಿಯಬೇಕು. ಎಲ್ಲ ಹಸುಗಳ ಕೆಚ್ಚಲನ್ನೂ ಒಟ್ಟಿಗೆ ತೊಳೆದಿಟ್ಟು ಆಮೇಲೆ ಒಂದೊಂದಾಗಿ ಮಷೀನ್ ಹಾಕುವುದನ್ನು ಬೇರೆ ಕೊಟ್ಟಿಗೆಗಳಲ್ಲಿ ನೋಡಿದ್ದೇನೆ. ಕೊನೆಯ ಹಸುವಿನ ಸರದಿ ಬರುವಷ್ಟರಲ್ಲಿ ಹಾರ್ಮೋನು ಇಳಿದುಹೋಗಿರುತ್ತದೆ.

ಹಾಲು ಪೂರ್ತಿ ಇಳಿಯದಿದ್ದರೆ ಲೀಟರ್ ಕಮ್ಮಿ ಆಗುವುದು ಒಂದು ನಷ್ಟ. ಇನ್ನೊಂದು ನಷ್ಟ ಡೈರಿಯಲ್ಲಿ ಕಾಣುತ್ತದೆ. ಮೊದಲ ಧಾರೆಯಲ್ಲಿ ಕೊಬ್ಬು ಕಮ್ಮಿ, ಕೊನೆಯ ಹಾಲಿನಲ್ಲಿ ಜಾಸ್ತಿ. ಗುಳ್ಳೆಗಳಲ್ಲಿ ಉಳಿದುಬಿಟ್ಟ ಹಾಲೇ ಗಟ್ಟಿ ಹಾಲು. ಫ್ಯಾಟ್ ಕಮ್ಮಿ ಬಂತು ಅಂತ ಮೇವನ್ನು ಬೈಯುವ ಮುಂಚೆ ಹಾಲು ಪೂರ್ತಿ ಇಳಿದಿದೆಯಾ ಅಂತ ನೋಡಬೇಕು.

ಈಗ ಸದ್ದಿನ ವಿಷಯ. ಈ ಮಷೀನಿಗೆ ನಾನು ಕೊಡುವ ದೊಡ್ಡ ಕಳೆ ಅಂಕ ಇದಕ್ಕೇ. ಪಂಪು ಬಹಳ ಗಲಾಟೆ ಮಾಡುತ್ತದೆ. ನಮ್ಮ ಕೆಂಪಿ ಮೊದಲನೇ ಸೂಲಿನ ಹಸು. ಮೋಟಾರು ಶುರುವಾದ ತಕ್ಷಣ ಕಿವಿ ನೆಟ್ಟಗೆ, ಬಾಲ ಬಿಗಿ, ಸಗಣಿ ಹಾಕಿಬಿಡುತ್ತಿದ್ದಳು. ಹಾಲು ಒಂದು ಲೀಟರೂ ಇಳಿಯುತ್ತಿರಲಿಲ್ಲ. ಇದು ಅವಳ ಹಟವಲ್ಲ. ಹೆದರಿದಾಗ ಮೂತ್ರಪಿಂಡದ ಮೇಲೆ ಕೂತಿರುವ ಅಡ್ರಿನಲ್ ಗ್ರಂಥಿಯಿಂದ ಅಡ್ರಿನಲಿನ್ ಹೊರಡುತ್ತದೆ. ಓಡುವುದಕ್ಕೋ ಒದೆಯುವುದಕ್ಕೋ ಬೇಕು ಅಂತ ದೇಹ ಕಾಲಿನ ಸ್ನಾಯುಗಳಿಗೆ ರಕ್ತ ಜಾಸ್ತಿ ಕಳಿಸುತ್ತದೆ. ಕೆಚ್ಚಲಿನ ಸಣ್ಣ ರಕ್ತನಾಳಗಳು ಬಿಗಿದುಕೊಳ್ಳುತ್ತವೆ. ಗುಳ್ಳೆಯ ಸುತ್ತಲಿನ ಸ್ನಾಯುಗಳಿಗೆ ಆಕ್ಸಿಟೋಸಿನ್ ಮುಟ್ಟುವುದೇ ಇಲ್ಲ, ಮುಟ್ಟಿದರೂ ಅವು ಸರಿಯಾಗಿ ಕುಗ್ಗುವುದಿಲ್ಲ. ಗಾಬರಿ ಜೋರಾಗಿದ್ದರೆ ಮಿದುಳಿನಿಂದ ಆಕ್ಸಿಟೋಸಿನ್ ಹೊರಡುವುದೇ ನಿಂತುಹೋಗುತ್ತದೆ. ಇದರ ಪರಿಣಾಮ ಅರ್ಧ ಗಂಟೆಯವರೆಗೂ ಇರಬಹುದು. ಆ ಹೊತ್ತಿನಲ್ಲಿ ಹೊಡೆದರೆ ಇನ್ನಷ್ಟು ಕೆಡುತ್ತದೆ.

ನಾವು ಪಂಪು ಮತ್ತು ಮೋಟಾರನ್ನು ಗಾಡಿಯಿಂದ ಬಿಚ್ಚಿ ಗೋಡೆಯ ಆಚೆ ಇಟ್ಟೆವು. ಗೋಡೆಗೆ ತೂತು ಕೊರೆದು ಉದ್ದ ಪೈಪು ಎಳೆದೆವು. ಕೆಂಪಿಗೆ ಹಿಂಡಿ ಹಾಕುವ ಹೊತ್ತಿಗೆ ಸುಮ್ನೆ ಮೋಟಾರು ಓಡಿಸಿ ಬಿಟ್ಟೆವು, ಕಪ್ ಹಾಕಲಿಲ್ಲ. ಆ ಸದ್ದಿಗೂ ಹಿಂಡಿಗೂ ಅವಳ ಮನಸ್ಸಿನಲ್ಲಿ ನಂಟು ಬೆಳೆಯಿತು. ಈಗ ಮೋಟಾರಿನ ಸದ್ದು ಕೇಳಿದರೆ ಸಾಕು, ತೊಟ್ಟು ಮುಟ್ಟುವ ಮುಂಚೆಯೇ ಸೊರೆ ಬಿಡಲು ಶುರು ಮಾಡುತ್ತಾಳೆ. ಹೆದರಿಸುತ್ತಿದ್ದ ಸದ್ದೇ ಈಗ ಆಕ್ಸಿಟೋಸಿನ್ ಹೊರಡಿಸುತ್ತಿದೆ. ಮಷೀನ್ ಕೊಂಡ ಪ್ರತಿಯೊಬ್ಬರೂ ಮೊದಲ ವಾರ ಇದಕ್ಕೇ ಮೀಸಲಿಡಿ ಅಂತ ಕೇಳಿಕೊಳ್ಳುತ್ತೇನೆ.

ಇಲ್ಲೇ ಇಂಜೆಕ್ಷನ್ ಮಾತು ಬರುತ್ತದೆ. ಮಷೀನಿಗೆ ಹಸು ಒಗ್ಗಲಿಲ್ಲ ಅಂದರೆ "ಒಂದು ಇಂಜೆಕ್ಷನ್ ಕೊಟ್ಟು ಹಾಕಿ" ಅಂತ ಹೇಳುವವರು ಇದ್ದಾರೆ. ಆ ಇಂಜೆಕ್ಷನ್ ಅಂದರೆ ಇದೇ ಆಕ್ಸಿಟೋಸಿನ್. ದಯವಿಟ್ಟು ಕೊಡಬೇಡಿ. ದಿನಾ ಹೊರಗಿನಿಂದ ಚುಚ್ಚಿದರೆ ಹಸು ತಾನಾಗಿ ಸೊರೆ ಬಿಡುವುದು ಕಮ್ಮಿಯಾಗುತ್ತದೆ, ಆಮೇಲೆ ಇಂಜೆಕ್ಷನ್ ಇಲ್ಲದೆ ಹಾಲೇ ಇಲ್ಲ ಅನ್ನುವ ಸ್ಥಿತಿ ಬರುತ್ತದೆ. ಅದು ಗರ್ಭಕೋಶದ ಸ್ನಾಯುವನ್ನೂ ಕುಗ್ಗಿಸುವ ಹಾರ್ಮೋನು ಅನ್ನುವುದನ್ನೂ ಮರೆಯಬಾರದು. ಹಾಲು ಹೆಚ್ಚಿಸಲು ಹಸುವಿನ ಆರೋಗ್ಯ ಕೆಡಿಸುವ ಇಂಜೆಕ್ಷನ್ ಕೊಡುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 12ನೇ ಕಲಮಿನ ಪ್ರಕಾರ ಅಪರಾಧ. ಈ ದುರುಪಯೋಗ ಎಷ್ಟು ಬೆಳೆದಿತ್ತು ಅಂದರೆ, 2018ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ದೇಶದೊಳಗಿನ ಬಳಕೆಗೆ ಖಾಸಗಿಯವರು ಆಕ್ಸಿಟೋಸಿನ್ ತಯಾರಿಸಬಾರದು, ಬೆಂಗಳೂರಿನ ಸರ್ಕಾರಿ ಕಂಪನಿ ಕರ್ನಾಟಕ ಆ್ಯಂಟಿಬಯೋಟಿಕ್ಸ್ ಅಂಡ್ ಫಾರ್ಮಾಸ್ಯುಟಿಕಲ್ಸ್ ಮಾತ್ರ ತಯಾರಿಸಬೇಕು ಅಂತ ಆದೇಶ ಮಾಡಿತು. ಹೆರಿಗೆಯ ನಂತರದ ರಕ್ತಸ್ರಾವ ನಿಲ್ಲಿಸಲು ಇದೇ ಔಷಧ ಬೇಕಲ್ಲ, ತಾಯಂದಿರಿಗೆ ಸಿಗದೆ ಹೋದರೆ ಗತಿ ಏನು ಅನ್ನುವ ಪ್ರಶ್ನೆ ಎದ್ದಿತು. ಅದೇ ವರ್ಷ ಡಿಸೆಂಬರ್‌ನಲ್ಲಿ ದೆಹಲಿ ಹೈಕೋರ್ಟ್ ಆ ಆದೇಶವನ್ನು ರದ್ದು ಮಾಡಿತು. ಹೆಣ್ಣುಮಕ್ಕಳ ಜೀವ ಉಳಿಸುವ ಔಷಧವನ್ನು ಒಂದು ಲೀಟರ್ ಹಾಲಿಗಾಗಿ ಈ ಸ್ಥಿತಿಗೆ ತಂದೆವಲ್ಲ ಅಂತ ನನಗೆ ಇವತ್ತಿಗೂ ನೋವಾಗುತ್ತದೆ.

ಇನ್ನು ರಕ್ತದ ಓಡಾಟ. ಒಂದು ಲೀಟರ್ ಹಾಲು ತಯಾರಾಗಲು ಸುಮಾರು 400ರಿಂದ 500 ಲೀಟರ್ ರಕ್ತ ಕೆಚ್ಚಲಿನ ಮೂಲಕ ಹಾದುಹೋಗಬೇಕು. ಹೊಟ್ಟೆಯ ಕೆಳಗೆ ಹಗ್ಗದಪ್ಪಕ್ಕೆ ಅಂಕುಡೊಂಕಾಗಿ ಮುಂದಕ್ಕೆ ಹೋಗುವ ಹಾಲಿನ ನರ ಇದೆಯಲ್ಲ, ಜಾತ್ರೆಯಲ್ಲಿ ಹಸು ಕೊಳ್ಳುವವರು ಕೈಯಾಡಿಸಿ ನೋಡುವುದು, ಅದು ಕೆಚ್ಚಲಿನಿಂದ ಹೃದಯಕ್ಕೆ ಮರಳುವ ರಕ್ತದ ದಾರಿ. ಹೀಗೆ ರಕ್ತ ತುಂಬಿ ಹರಿಯುವ ಅಂಗದ ತುದಿಯನ್ನು ನಾವು ನಿರ್ವಾತಕ್ಕೆ ಕೊಡುತ್ತಿದ್ದೇವೆ. ಬಿಡದೆ ಎಳೆದರೆ ಹಾಲಿನ ಜೊತೆ ರಕ್ತವೂ ನೀರೂ ತೊಟ್ಟಿನ ತುದಿಗೆ ಬಂದು ನಿಲ್ಲುತ್ತದೆ. ತೊಟ್ಟು ಊದಿಕೊಳ್ಳುತ್ತದೆ.

ಅದಕ್ಕೇ ಪಲ್ಸೇಟರ್ ಇರುವುದು. 1889ರಲ್ಲಿ ಸ್ಕಾಟ್ಲೆಂಡಿನ ವಿಲಿಯಂ ಮರ್ಚ್‌ಲ್ಯಾಂಡ್ ಮಾಡಿದ ಮಷೀನ್ ಬಿಡುವಿಲ್ಲದೆ ಎಳೆಯುತ್ತಿತ್ತು. 1895ರಲ್ಲಿ ಗ್ಲಾಸ್ಗೋದ ಅಲೆಕ್ಸಾಂಡರ್ ಶೀಲ್ಸ್ ಬಿಟ್ಟು ಬಿಟ್ಟು ಎಳೆಯುವ ಪಲ್ಸೇಟರ್ ತಂದರು. ಇವತ್ತಿನ ಮಷೀನ್ ನಿಂತಿರುವುದು ಆ ಯೋಚನೆಯ ಮೇಲೆ. ಕಪ್ಪಿನ ಒಳಗೆ ಲೈನರ್ ಅನ್ನುವ ರಬ್ಬರ್ ಕೊಳವೆ ಇರುತ್ತದೆ. ಅದು ನಿಮಿಷಕ್ಕೆ ಸುಮಾರು 60 ಸಲ ತೆರೆದು ಮುಚ್ಚುತ್ತದೆ. ತೆರೆದಾಗ ಹಾಲು ಬರುತ್ತದೆ. ಮುಚ್ಚಿದಾಗ ರಬ್ಬರು ತೊಟ್ಟನ್ನು ಒತ್ತಿ, ತುದಿಗೆ ಬಂದ ರಕ್ತವನ್ನು ಮೇಲಕ್ಕೆ ಕಳಿಸುತ್ತದೆ. ಕರು ಕುಡಿಯುವಾಗಲೂ ಹೀರುವುದು, ನುಂಗುವುದು, ನಡುವೆ ಬಿಡುವು ಕೊಡುವುದು ಇದ್ದೇ ಇರುತ್ತದೆ. ನಮ್ಮ ಮಷೀನಿನ ಪಲ್ಸೇಟರ್ ಬಗ್ಗೆ ಒಂದು ಮಾತೂ ಆಡುವ ಹಾಗಿಲ್ಲ. ಬೇಸಿಗೆ, ಮಳೆ ಎರಡರಲ್ಲೂ ಲಯ ತಪ್ಪಿಲ್ಲ. ಪೂರ್ತಿ ಅಂಕ.

ಎಳೆತ ಎಷ್ಟಿದೆ ಅಂತ ತೋರಿಸುವ ಗೇಜ್ ವಿಷಯದಲ್ಲಿ ಮಾತ್ರ ಎಚ್ಚರ. ಅಳವಡಿಸಿದ ಹುಡುಗ ಬೇಗ ಮುಗಿಯಲಿ ಅಂತ 50 ಕಿಲೋಪ್ಯಾಸ್ಕಲ್‌ಗೆ ಇಟ್ಟು ಹೋಗಿದ್ದ. ಕಪ್ ತೆಗೆದಾಗ ಲಕ್ಷ್ಮಿಯ ತೊಟ್ಟಿನ ತುದಿ ನೇರಳೆ ಬಣ್ಣಕ್ಕೆ ತಿರುಗಿತ್ತು, ಬುಡದಲ್ಲಿ ಉಂಗುರದ ಗುರುತು ಬಿದ್ದಿತ್ತು. ನಾನು ಅವತ್ತೇ ರೆಗ್ಯುಲೇಟರ್ ತಿರುಗಿಸಿ 42ಕ್ಕೆ ಇಳಿಸಿದೆ. ಒಂದು ನಿಮಿಷ ಜಾಸ್ತಿ ಹಿಡಿಯುತ್ತದೆ, ಹಿಡಿಯಲಿ. ಕಪ್ ತೆಗೆದ ತಕ್ಷಣ ತೊಟ್ಟು ನಸುಗೆಂಪಾಗಿ, ಮೆತ್ತಗೆ ಇರಬೇಕು. ನೀಲಿ, ನೇರಳೆ, ಗಟ್ಟಿ ತುದಿ ಕಂಡರೆ ಎಳೆತ ಜಾಸ್ತಿ, ಇಲ್ಲವೇ ಹಾಲು ನಿಂತ ಮೇಲೂ ಕಪ್ ಬಿಟ್ಟಿದ್ದೀರಿ ಅಂತ. ಪೈಪಿನಲ್ಲಿ ಹಾಲು ತೆಳುವಾದ ಕೂಡಲೇ ಮೊದಲು ಎಳೆತ ಬಂದ್ ಮಾಡಿ, ಆಮೇಲೆ ಕಪ್ ತೆಗೆಯಬೇಕು. ಎಳೆತ ಇರುವಾಗಲೇ ಕಿತ್ತರೆ ತೊಟ್ಟಿನ ತುದಿಗೆ ಪೆಟ್ಟು.

ಆ ತುದಿ ಬಹಳ ಬೆಲೆಬಾಳುವ ಜಾಗ. ಅಲ್ಲಿ ಬಳೆಯ ಆಕಾರದಲ್ಲಿ ಒಂದು ಸ್ನಾಯು ಇದೆ. ಹಾಲು ಸೋರದ ಹಾಗೆ, ಹೊರಗಿನ ರೋಗಾಣು ಒಳಗೆ ಹೋಗದ ಹಾಗೆ ಅದು ಬಾಗಿಲು ಹಾಕಿಕೊಂಡಿರುತ್ತದೆ. ಕರೆದ ಮೇಲೆ ಅದು ಮತ್ತೆ ಬಿಗಿಯಾಗಲು ಅರ್ಧದಿಂದ ಒಂದು ಗಂಟೆ ಬೇಕು. ಆ ಹೊತ್ತಿನಲ್ಲಿ ಹಸು ಸಗಣಿ ಮೇಲೆ ಮಲಗಿದರೆ ಕೆಚ್ಚಲು ಬಾವಿಗೆ ದಾರಿ ಸಿಕ್ಕಿತು. ನಾವು ಹಸಿ ಮೇವನ್ನು ಕರೆದ ಮೇಲೇ ಹಾಕುತ್ತೇವೆ. ತಿನ್ನುತ್ತಾ ನಿಂತಿರುತ್ತವೆ. ತೊಟ್ಟನ್ನು ಅಯೋಡಿನ್ ದ್ರಾವಣದಲ್ಲಿ ಅದ್ದುತ್ತೇವೆ. ಮಷೀನಿನಿಂದ ಕೆಚ್ಚಲು ಬಾವು ಬರುತ್ತದೆ ಅನ್ನುವ ದೂರು ಊರೂರಲ್ಲೂ ಇದೆ. ಎಳೆತ ಜಾಸ್ತಿ ಇಟ್ಟು, ಖಾಲಿ ಎಳೆದು, ಲೈನರ್ ತೊಳೆಯದೆ ಬಿಟ್ಟರೆ ಬಂದೇ ಬರುತ್ತದೆ. ಹಾಗಂತ ಕೈಯಲ್ಲಿ ಕರೆದರೆ ಬರುವುದಿಲ್ಲ ಅಂತೇನಿಲ್ಲ. ಹೆಬ್ಬೆರಳು ಮಡಚಿ ಎಳೆದು ಕರೆಯುವುದೂ ತೊಟ್ಟಿನ ಒಳಪದರಕ್ಕೆ ಗಾಯ ಮಾಡುತ್ತದೆ.

ಮಷೀನ್ ಎಲ್ಲ ಹಸುವಿಗೂ, ಎಲ್ಲ ಹೊತ್ತಿಗೂ ಅಲ್ಲ. ನಮ್ಮ ಹಳ್ಳಿಕಾರ್ ಗೌರಿಗೆ ಹಾಕುವುದೇ ಇಲ್ಲ. ಅವಳು ಕರು ಮುಖ ನೋಡಿದರೆ ಮಾತ್ರ ಸೊರೆ ಬಿಡುವುದು. ನಾಟಿ ಹಸುಗಳಲ್ಲಿ ಇದು ಸಾಮಾನ್ಯ, ಮತ್ತು ಆ ಕರುವಿನ ಪಾಲನ್ನು ಕಿತ್ತುಕೊಳ್ಳುವ ಆಸೆ ನಮಗಿಲ್ಲ. ಎಮ್ಮೆ ಇರುವವರೂ ಯೋಚಿಸಿ. ಎಮ್ಮೆಯ ಕೆಳಗಿನ ಕುಳಿಯಲ್ಲಿ ನಿಂತಿರುವ ಹಾಲು ನೂರಕ್ಕೆ ಐದರಷ್ಟು ಮಾತ್ರ. ಸೊರೆ ಬಿಡಲು ಹಸುವಿಗಿಂತ ಜಾಸ್ತಿ ಹೊತ್ತು ಬೇಕು, ತೊಟ್ಟಿನ ಸ್ನಾಯುವೂ ಬಿಗಿ. ತಾಳ್ಮೆ ಇಲ್ಲದವರು ಎಮ್ಮೆಗೆ ಮಷೀನ್ ಹಾಕಲೇಬಾರದು. ಕರು ಹಾಕಿದ ಮೊದಲ ದಿನಗಳಲ್ಲಿ ಕೆಚ್ಚಲು ನೀರು ತುಂಬಿ ಊದಿರುತ್ತದಲ್ಲ, ಆಗಲೂ ನಾವು ಕೈಯಲ್ಲೇ ಕರೆಯುತ್ತೇವೆ. ಬಾವು ಬಂದ ಹಸುವಿಗೂ ಅಷ್ಟೇ, ಅದೂ ಎಲ್ಲ ಹಸುಗಳಾದ ಮೇಲೆ ಕೊನೆಯಲ್ಲಿ.

ಸೇವೆಯ ಬಗ್ಗೆ ಎರಡು ದೂರು. ಮಾರಿದ ಅಂಗಡಿಯವರು ಲೈನರ್ ಕೇಳಿದರೆ "ಸ್ಟಾಕ್ ಇಲ್ಲ, ಬರುತ್ತೆ" ಅಂತ ವಾರಗಟ್ಟಲೆ ಎಳೆದರು. ರಬ್ಬರ್ ಲೈನರನ್ನು ಸುಮಾರು 2500 ಸಲ ಬಳಸಿದ ಮೇಲೆ, ಅಥವಾ ಆರು ತಿಂಗಳಿಗೆ, ಯಾವುದು ಮೊದಲೋ ಆಗ ಬದಲಾಯಿಸಬೇಕು. ಬಿರುಕು ಬಿಟ್ಟ ರಬ್ಬರಿನಲ್ಲಿ ರೋಗಾಣು ಮನೆ ಮಾಡುತ್ತದೆ, ಒತ್ತುವ ಶಕ್ತಿಯೂ ಹೋಗಿರುತ್ತದೆ. ಅದಕ್ಕೇ ಮಷೀನ್ ತರುವಾಗಲೇ ಇನ್ನೊಂದು ಸೆಟ್ಟು ಕೊಂಡಿಟ್ಟುಕೊಳ್ಳಿ. ಎರಡನೆಯದು, ಕರೆಂಟು ಹೋದರೆ ಕೈಯಿಂದ ಪಂಪು ಓಡಿಸುವ ವ್ಯವಸ್ಥೆ ಇದರಲ್ಲಿಲ್ಲ. ಅರ್ಧ ಕರೆದಾಗ ಕರೆಂಟು ಹೋದರೆ ಕಪ್‌ಗಳು ಜಾರಿ ಬೀಳುತ್ತವೆ. ಸೊರೆ ಬಿಟ್ಟ ಹಸು ಕಾಯುವುದಿಲ್ಲ. ತಕ್ಷಣ ಕೂತು ಕೈಯಲ್ಲೇ ಮುಗಿಸಬೇಕು. ಮನೆಯಲ್ಲಿ ಕೈಯಲ್ಲಿ ಕರೆಯಲು ಬರುವವರು ಒಬ್ಬರಾದರೂ ಇರಲೇಬೇಕು.

ಒಂದೆರಡು ಹಸು ಇರುವವರಿಗೆ ಇದನ್ನು ನಾನು ಹೇಳುವುದಿಲ್ಲ. ತೊಳೆಯುವ ಕೆಲಸವೇ ಕರೆಯುವ ಕೆಲಸಕ್ಕಿಂತ ಜಾಸ್ತಿ ಆಗುತ್ತದೆ. ನಾಲ್ಕು ಹಸುವಿನಿಂದ ಮೇಲೆ, ಮಿಶ್ರತಳಿಯವಾದರೆ, ಐದಕ್ಕೆ ನಾಲ್ಕು ಅಂಕ ಕೊಟ್ಟು ತೆಗೆದುಕೊಳ್ಳಿ ಅನ್ನುತ್ತೇನೆ. ಅತ್ತೆಯ ಕೈನೋವು ಬಹಳ ಮಟ್ಟಿಗೆ ಇಳಿದಿದೆ. ಹಸುಗಳ ತೊಟ್ಟು ಚೆನ್ನಾಗಿವೆ.

ಕೊಳ್ಳುವ ದಿನ ಅಂಗಡಿಯಲ್ಲೇ ಮಷೀನ್ ಓಡಿಸಿ, ನಾಲ್ಕೂ ಲೈನರಿಗೆ ಒಂದೊಂದಾಗಿ ಹೆಬ್ಬೆರಳು ಹಾಕಿ ನೋಡಿ. ಮಿಕ್ಕ ಮೂರನ್ನು ಮುಚ್ಚಿ ಹಿಡಿಯಿರಿ, ಇಲ್ಲವಾದರೆ ಗಾಳಿ ಸೋರುತ್ತದೆ. ಹಿಡಿದು ಬಿಡುವುದು ಬೆರಳಿಗೆ ಸ್ಪಷ್ಟವಾಗಿ ಗೊತ್ತಾಗಬೇಕು. ಗಡಿಯಾರ ನೋಡಿ ಎಣಿಸಿ, ನಿಮಿಷಕ್ಕೆ 60ರ ಆಸುಪಾಸು ಬರಬೇಕು. ಯಾವುದಾದರೂ ಒಂದರಲ್ಲಿ ಹಿಡಿತ ಸಡಿಲವಾಗದೆ ಬೆರಳ ತುದಿ ಜುಮ್ಮೆಂದರೆ, ಆ ಮಷೀನ್ ಬೇಡ ಅಂತ ಹೇಳಿ ಬೇರೆಯದು ತೋರಿಸಲು ಕೇಳಿ.